ಮೂಲೇಲಿ ನಿಲ್ಲೋನು ಬೇಕಾಗಿದ್ದಾನೆ

ಈ ಕಡೆ ತಲೆ ಹಾಕಿ ಬಹಳ ದಿನ ಆಯ್ತು. ಕೆಲಸ, ಮನೆ, ಊರು ಅಂತ ಓಡಾಡೋದರಲ್ಲೇ ದಿನ ಹೋಗ್ತಿತ್ತು, ಬರೆಯೋದು ನಿಂತೇ ಹೋಗಿತ್ತು. ಈಗ ಬರೆಯಲೇಬೇಕು ಅನ್ನಿಸಿದ್ದು ಒಂದು ಜಗಳದ ದೆಸೆಯಿಂದ. ಜಗಳ ನನ್ನದಲ್ಲ, ನಮ್ಮೂರಿನದು. ವಿಷಯ ಇಷ್ಟೇ: ಊರಿನ ಕಬಡ್ಡಿ ಟೀಮಿಗೆ ಇಬ್ಬರು ಕ್ಯಾಚರ್‌ಗಳನ್ನ ಹೊರಗಿಂದ ಕರೆಸೋದಾ, ಇಲ್ಲಾ ಊರ ಹುಡುಗರನ್ನೇ ನಿಲ್ಲಿಸೋದಾ?

ಕೇಳೋಕೆ ಸಣ್ಣ ವಿಷಯ. ಆದ್ರೆ ಇದೇ ಪ್ರಶ್ನೆಗೆ ಕೋಟಿಗಟ್ಟಲೆ ದುಡ್ಡು ಇಟ್ಟುಕೊಂಡವರೂ ತಲೆ ಕೆಡಿಸಿಕೊಳ್ತಾರೆ. ಪ್ರೊ ಕಬಡ್ಡಿ ಹರಾಜು ಬಂತು ಅಂದ್ರೆ ಸಾಕು, ನಮ್ಮ ಬುಲ್ಸ್ ಅಭಿಮಾನಿಗಳ ಬಾಯಲ್ಲೂ ಇದೇ ಮಾತು. "ಈ ಸಲ ಒಂದು ದೊಡ್ಡ ಕಾರ್ನರ್ ತಗೋಬೇಕು ಗುರು", "ಯಾಕೆ ತಗೋಬೇಕು, ಇರೋ ಹುಡುಗನ್ನೇ ಬೆಳೆಸಿ". ಹೀಗೆ ಎರಡು ಪಾರ್ಟಿ. ಹಾಗಾಗಿ ಬುಲ್ಸ್ ಕಥೆಯನ್ನೂ ನಮ್ಮೂರ ಕಥೆಯನ್ನೂ ಒಟ್ಟಿಗೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಕಬಡ್ಡಿ ಅಷ್ಟಾಗಿ ನೋಡದವರಿಗೆ ಎರಡು ಮಾತು. (ಉಳಿದವರು ಮುಂದಿನ ಪ್ಯಾರಾಕ್ಕೆ ಹಾರಬಹುದು :-) ) ಏಳು ಜನ ನಿಲ್ತಾರೆ. ಎರಡು ತುದೀಲಿ ಇಬ್ಬರು ಕಾರ್ನರ್, ಅವರ ಪಕ್ಕ ಇಬ್ಬರು ಇನ್, ಆಮೇಲೆ ಇಬ್ಬರು ಕವರ್, ನಡುವೆ ಸೆಂಟರ್. ರೈಡರ್ ಒಬ್ಬನೇ ಬರ್ತಾನೆ, ಅವನಿಗೆ ಮೂವತ್ತು ಸೆಕೆಂಡು. ಆ ಮೂವತ್ತು ಸೆಕೆಂಡಲ್ಲಿ ಜನ ನೋಡೋದು ಅವನನ್ನ. ಶಿಳ್ಳೆ ಅವನಿಗೆ, ಟಿವಿಯಲ್ಲಿ ಕ್ಲೋಸಪ್ ಅವನಿಗೆ. ಮೂಲೆಯಲ್ಲಿ ಬಗ್ಗಿ ನಿಂತಿರೋ ಹುಡುಗ ಕಣ್ಣಿಗೇ ಬೀಳಲ್ಲ. ಅವನು ರೈಡರ್‌ನ ಮುಖ ನೋಡಲ್ಲ, ಕಾಲು ನೋಡ್ತಾ ಇರ್ತಾನೆ. ಯಾವ ಕಾಲಿನ ಮೇಲೆ ಭಾರ ಬಿತ್ತು, ಯಾವಾಗ ತಿರುಗ್ತಾನೆ, ಯಾವಾಗ ಬೋನಸ್ ಗೆರೆ ಕಡೆ ಕಾಲು ಚಾಚ್ತಾನೆ. ಸಿಕ್ಕಿದ ಒಂದು ಕ್ಷಣದಲ್ಲಿ ನುಗ್ಗಿ ಕಣಕಾಲು ಹಿಡೀಬೇಕು. ಅರ್ಧ ಸೆಕೆಂಡು ಮೊದಲು ನುಗ್ಗಿದ್ರೆ ಅವನೂ ಔಟು, ಅವನನ್ನ ಬಿಡಿಸೋಕೆ ಬಂದ ಕವರೂ ಔಟು. ಅರ್ಧ ಸೆಕೆಂಡು ತಡ ಆದ್ರೆ ರೈಡರ್ ಗೆರೆ ದಾಟಿರ್ತಾನೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ರೈಡರ್ ತನ್ನ ವಿದ್ಯೆಯನ್ನ ಚೀಲದಲ್ಲಿ ಹಾಕಿಕೊಂಡು ಯಾವ ಟೀಮಿಗೆ ಬೇಕಾದ್ರೂ ಹೋಗಬಹುದು. ಕ್ಯಾಚರ್‌ಗೆ ಅದು ಅರ್ಧ ಮಾತ್ರ ಆಗುತ್ತೆ. ಕಾರ್ನರ್ ಕಾಲು ಹಿಡಿದ ತಕ್ಷಣ ಪಕ್ಕದ ಕವರ್ ಬಂದು ಡ್ಯಾಶ್ ಹೊಡೀಬೇಕು, ಇನ್ನೊಬ್ಬ ಮೇಲೆ ಬೀಳಬೇಕು. ಅವನು ಬರ್ತಾನೆ ಅನ್ನೋ ನಂಬಿಕೆ ಇದ್ರೆ ಮಾತ್ರ ಇವನು ನುಗ್ತಾನೆ. ನಂಬಿಕೆ ಇಲ್ಲದಿದ್ರೆ ಕೈ ಚಾಚ್ತಾನೆ, ಮೈ ಹಾಕಲ್ಲ. ಆ ನಂಬಿಕೆ ಬರೋದು ಒಟ್ಟಿಗೆ ಬಿದ್ದು ಎದ್ದು ಮಂಡಿ ಕೆತ್ತಿಸಿಕೊಂಡ ಮೇಲೆ. ಹರಾಜಿನಲ್ಲಿ ಆಟಗಾರ ಸಿಗ್ತಾನೆ, ಜೋಡಿ ಸಿಗೋದು ಕಷ್ಟ.

ಈಗ ಬುಲ್ಸ್ ಕಥೆ.

2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಎಂಟು ಟೀಮು, ಅದರಲ್ಲಿ ನಮ್ಮದೂ ಒಂದು. ಆ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ದುಡ್ಡು ಸಿಕ್ಕಿದ್ದು ರಾಕೇಶ್ ಕುಮಾರ್‌ಗೆ, ಪಟ್ನಾ ಟೀಮು ಕೊಟ್ಟಿದ್ದು 12.80 ಲಕ್ಷ. ಇವತ್ತು ಆ ಮೊತ್ತ ಕೇಳಿದ್ರೆ ನಗು ಬರುತ್ತೆ. ನಮ್ಮ ಟೀಮಿಗೆ ಸಿಕ್ಕಿದ್ದು ಮಂಜೀತ್ ಛಿಲ್ಲರ್. ಹಿಡಿಯೋದೂ ಬರ್ತಿತ್ತು, ರೈಡೂ ಮಾಡ್ತಿದ್ದ. ಮೊದಲ ಸೀಸನ್‌ನಲ್ಲಿ ಸೆಮಿಫೈನಲ್, 2015ರ ಎರಡನೇ ಸೀಸನ್‌ನಲ್ಲಿ ಫೈನಲ್. ಫೈನಲ್‌ನಲ್ಲಿ ಯು ಮುಂಬಾ ಎದುರು 30-36ರಲ್ಲಿ ಸೋತ್ವಿ. ಆಮೇಲೆ ಮಂಜೀತ್ ಪುಣೆಗೆ ಹೋದ. 2016ರ ಮೂರನೇ ಸೀಸನ್‌ನಲ್ಲಿ ಪುಣೆ ಸೆಮಿಫೈನಲ್‌ಗೆ ಬಂತು, ನಾವು ಬರಲಿಲ್ಲ. ಒಬ್ಬನ ಮೇಲೆ ಕಟ್ಟಿದ ಗೋಡೆ, ಅವನು ಹೋದ ದಿನ ಬಿತ್ತು.

ಆಮೇಲೆ ನಮಗೆ ಕಪ್ ಬಂದಿದ್ದು ಆರನೇ ಸೀಸನ್‌ನಲ್ಲಿ. 2019ರ ಜನವರಿ 5, ಮುಂಬೈನಲ್ಲಿ ಫೈನಲ್, ಗುಜರಾತ್ ಎದುರು 38-33. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟು ತಂದ. ಆ ರಾತ್ರಿ ನಮ್ಮೂರಲ್ಲಿ ಪಟಾಕಿ ಹೊಡೆದ್ರು, ಯುಗಾದಿ, ದೀಪಾವಳಿ ಎರಡೂ ಅಲ್ಲದ ದಿನ. ಎಲ್ಲರ ಬಾಯಲ್ಲೂ ಪವನ್ ಪವನ್. ಆದ್ರೆ ಆ ಟೀಮಿನ ಎಡ ಕವರ್‌ನಲ್ಲಿ ಮಹೇಂದರ್ ಸಿಂಗ್ ಅಂತ ಒಬ್ಬ ಇದ್ದ, ನೆನಪಿದೆಯಾ? ವರ್ಷಗಟ್ಟಲೆ ಬುಲ್ಸ್‌ನಲ್ಲೇ ಇದ್ದ, ಮುಂದೆ ಕ್ಯಾಪ್ಟನ್ನೂ ಆದ. ಅದರ ಮುಂದಿನ ಸೀಸನ್‌ನಲ್ಲಿ, ಅಂದ್ರೆ 2019ರಲ್ಲಿ, ಹೆಸರೇ ಕೇಳಿರದ ಒಬ್ಬ ಹುಡುಗ ಬಲ ಕಾರ್ನರ್‌ಗೆ ಬಂದ, ಸೌರಭ್ ನಂದಲ್. ಕೋಟಿ ಕೊಟ್ಟು ತಂದವನಲ್ಲ, ಇಲ್ಲೇ ಆಡಿ ಆಡಿ ಗಟ್ಟಿಯಾದವನು. ಹತ್ತನೇ ಸೀಸನ್ ಹೊತ್ತಿಗೆ ಅವನೇ ಕ್ಯಾಪ್ಟನ್. ಬೆಳೆಸೋದು ಅಂದ್ರೆ ಹೀಗೆ ಅಂತ ನಾವೆಲ್ಲ ಎದೆ ಉಬ್ಬಿಸಿಕೊಂಡು ಹೇಳ್ತಿದ್ವಿ.

ಈಗ ತಮಾಷೆ ಕೇಳಿ. ಹನ್ನೊಂದನೇ ಸೀಸನ್, 2024, ಹನ್ನೆರಡು ಟೀಮಲ್ಲಿ ನಾವು ಹನ್ನೆರಡನೆಯವರು. ಎಲ್ಲಾ ತೊಳೆದು ಹೊಸದಾಗಿ ಕಟ್ಟಬೇಕು ಅಂತ ತೀರ್ಮಾನ ಆಯ್ತು. ಸೌರಭ್ ಹೋದ. 2025ರ ಹರಾಜಿನಲ್ಲಿ ಬುಲ್ಸ್‌ನವರು ಯೋಗೇಶ್ ದಹಿಯಾನನ್ನ ಒಂದು ಕೋಟಿಗೂ ಮೇಲೆ ಕೊಟ್ಟು ತಂದ್ರು. ಅವನೂ ಬಲ ಕಾರ್ನರ್ರೇ, ಬೆಳೆದಿದ್ದು ದಬಾಂಗ್ ಡೆಲ್ಲಿಯಲ್ಲಿ. ನಮ್ಮ ಸೌರಭ್ ಹೋಗಿದ್ದು ಎಲ್ಲಿಗೆ? ಅದೇ ಡೆಲ್ಲಿಗೆ! ಮನೆಮನೆ ಮಧ್ಯೆ ಹೆಣ್ಣು ಕೊಟ್ಟು ಹೆಣ್ಣು ತಂದ ಹಾಗೆ. ಆ ವರ್ಷ ಅಕ್ಟೋಬರ್ 31ಕ್ಕೆ ಡೆಲ್ಲಿ ಕಪ್ ಗೆದ್ದಿತು, ಪುಣೆ ಎದುರು 31-28. ಯೋಗೇಶ್ ಕೆಟ್ಟ ಆಟಗಾರ ಅಂತ ನಾನು ಖಂಡಿತ ಹೇಳ್ತಿಲ್ಲ, ಅವನು ಬಂದ ಮೇಲೆ ಬುಲ್ಸ್ ಎದ್ದು ನಿಂತಿತು, ಪ್ಲೇ ಆಫ್ ಹಂತಕ್ಕೂ ಬಂತು. ಆದ್ರೆ ಆರು ವರ್ಷ ನಾವು ನೀರು ಹಾಕಿದ ಗಿಡದ ಹಣ್ಣನ್ನ ಪಕ್ಕದ ಮನೆಯವರು ತಿಂದಾಗ ಹೊಟ್ಟೆ ಚುರ್ ಅನ್ನುತ್ತೆ ತಾನೇ.

ಬೇರೆ ಟೀಮುಗಳನ್ನ ನೋಡಿ. 2017ರಲ್ಲಿ ಗುಜರಾತ್ ಹೊಸದಾಗಿ ಲೀಗಿಗೆ ಬಂತು. ಅದೇ ವರ್ಷ ಫೈನಲ್! ಕವರ್‌ನಲ್ಲಿ ಇಬ್ಬರು ಹೊಸ ಹುಡುಗರು, ಸುನಿಲ್ ಕುಮಾರ್ ಮತ್ತು ಪರ್ವೇಶ್ ಭೈಂಸ್ವಾಲ್. ಆ ಜೋಡಿಯನ್ನ ನೋಡಿದ್ರೆ ಒಬ್ಬನ ಬಲಗೈ ಇನ್ನೊಬ್ಬನ ಎಡಗೈ ಒಂದೇ ದೇಹದ್ದು ಅನ್ನಿಸ್ತಿತ್ತು. ಕಾರ್ನರ್‌ಗಳಲ್ಲಿ ಇರಾನಿನ ಫಜಲ್ ಅತ್ರಾಚಲಿ ಮತ್ತು ಅಬೋಜರ್, ಇಬ್ಬರೂ ಪಳಗಿದವರು. ಅಂದ್ರೆ ಹೊರಗಿನ ಎರಡು ಕಂಬ ತಂದು ನೆಟ್ಟು, ಒಳಗಿನ ಗೋಡೆಯನ್ನ ಹೊಸ ಇಟ್ಟಿಗೆಯಲ್ಲಿ ಕಟ್ಟಿದ್ರು. ಅದೇ ವರ್ಷ ಲೀಗಿಗೆ ಬಂದ ಯು.ಪಿ. ಯೋಧಾದಲ್ಲಿ ನಿತೇಶ್ ಕುಮಾರ್ ಅಂತ ಒಬ್ಬ ಹುಡುಗ ಶುರು ಮಾಡಿದ. ಮುಂದಿನ ಸೀಸನ್‌ನಲ್ಲಿ 100 ಟ್ಯಾಕಲ್ ಪಾಯಿಂಟು, ಒಂದೇ ಸೀಸನ್‌ನಲ್ಲಿ ನೂರು ಮುಟ್ಟಿದ ಮೊದಲ ಡಿಫೆಂಡರ್ ಅವನೇ.

ಸುನಿಲ್ ಕಥೆ ಇನ್ನೂ ಇದೆ. 2022ರಲ್ಲಿ ಜೈಪುರದವರು ಅವನನ್ನ ಕೊಂಡುಕೊಂಡು ಕ್ಯಾಪ್ಟನ್ ಮಾಡಿದ್ರು. ಅವನ ಟೀಮಿನ ಎಡ ಕಾರ್ನರ್‌ನಲ್ಲಿ ಅಂಕುಶ್ ರಾಠಿ ಅನ್ನೋ ಅಷ್ಟೇನೂ ಹೆಸರಿಲ್ಲದ ಹುಡುಗ ಆ ಸೀಸನ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 89 ಟ್ಯಾಕಲ್ ಪಾಯಿಂಟು ತಗೊಂಡ. ಜೈಪುರ ಕಪ್ ಗೆದ್ದಿತು. ಆಮೇಲೆ 2024ರಲ್ಲಿ ಯು ಮುಂಬಾ ಸುನಿಲ್‌ಗೆ 1.015 ಕೋಟಿ ಕೊಟ್ಟಿತು. ಅಂಕುಶ್? 2025ರಲ್ಲಿ ಅವನೂ ನಮ್ಮ ಬುಲ್ಸ್‌ಗೆ ಬಂದ, ದುಡ್ಡು ಕೊಟ್ಟು ತಂದಿದ್ದು.

ಇನ್ನು ದುಡ್ಡು ಸುರಿದವರೆಲ್ಲ ಸೋತ್ರು ಅಂತ ಹೇಳೋಕೂ ಆಗಲ್ಲ. 2023ರ ಹರಾಜಿನಲ್ಲಿ ಪುಣೇರಿ ಪಲ್ಟನ್‌ನವರು ಇರಾನಿನ ಶಾದ್ಲೂಯಿಗೆ 2.35 ಕೋಟಿ ಕೊಟ್ರು. ಒಂದು ಟೀಮಿನ ಪೂರ್ತಿ ಪರ್ಸ್ ಐದು ಕೋಟಿ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಒಬ್ಬನೇ ಡಿಫೆಂಡರ್‌ಗೆ! ಹುಚ್ಚರು ಅಂದ್ವಿ. ಅವರು ಕಪ್ ಗೆದ್ರು, ಅವನು 99 ಟ್ಯಾಕಲ್ ಪಾಯಿಂಟು ತಂದ. ಮುಂದಿನ ವರ್ಷ ಹರಿಯಾಣದವರು 2.07 ಕೋಟಿಗೆ ತಗೊಂಡ್ರು, ಅವರೂ ಗೆದ್ರು. ಆದ್ರೆ ಪುಣೆಯವರ ಹತ್ತಿರ ಅಷ್ಟು ದುಡ್ಡು ಹೇಗೆ ಉಳಿದಿತ್ತು ಅಂತ ಯೋಚನೆ ಮಾಡಿ. ಅಸ್ಲಂ ಇನಾಮ್ದಾರ್, ಮೋಹಿತ್ ಗೋಯತ್, ಅಬಿನೇಶ್ ನಡರಾಜನ್, ಇವರೆಲ್ಲ ಹುಡುಗರಾಗಿ ಬಂದು ಅಲ್ಲೇ ಬೆಳೆದವರು. ಮನೇಲೇ ಬೆಳೆದ ಸೊಪ್ಪು ತರಕಾರಿ ಇದ್ದವನಿಗೆ ಮಾತ್ರ ಹಬ್ಬಕ್ಕೆ ದುಬಾರಿ ಸಾಮಾನು ತರೋಕೆ ಕೈಯಲ್ಲಿ ಕಾಸು ಇರುತ್ತೆ.

ಆ ಪುಣೆ ಟೀಮಿನ ಕೋಚ್ ಯಾರು ಗೊತ್ತಾ? ನಮ್ಮ ಬಿ.ಸಿ. ರಮೇಶ್. ಕರ್ನಾಟಕದವರು, 2001ರ ಅರ್ಜುನ ಪ್ರಶಸ್ತಿ ಪಡೆದವರು. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ ಕಪ್ ಗೆಲ್ಲಿಸಿಕೊಟ್ಟಿದ್ರು. ಅವರು ಬುಲ್ಸ್‌ನ ಮುಖ್ಯ ಕೋಚ್ ಆಗಿದ್ದು 2025ರಲ್ಲಿ, ಲೀಗು ಶುರುವಾಗಿ ಹನ್ನೊಂದು ವರ್ಷ ಆದ ಮೇಲೆ. ತಡವಾದ್ರೂ ಆಯ್ತಲ್ಲ ಬಿಡಿ.

ಅಮೆರಿಕದಲ್ಲಿರೋ ನಮ್ಮ ಚಿಕ್ಕಪ್ಪನ ಮಗನಿಗೆ ಇದನ್ನೆಲ್ಲ ಫೋನಲ್ಲಿ ಹೇಳ್ತಿದ್ದೆ. ಅವನು ನಕ್ಕು, "ಅಣ್ಣಾ, ಇಲ್ಲಿ ಫುಟ್‌ಬಾಲ್‌ನಲ್ಲೂ ಇದೇ ರಾಮಾಯಣ" ಅಂದ. ಅವರ ಫುಟ್‌ಬಾಲ್ ಅಂದ್ರೆ ಕೈಯಲ್ಲಿ ಚೆಂಡು ಹಿಡಿದು ಓಡೋ ಆಟ. ಅದರಲ್ಲಿ ಲೈನ್‌ಬ್ಯಾಕರ್ ಅಂತ ಒಂದು ಜಾಗ, ಮುಂದಿನ ಸಾಲಿನ ಹಿಂದೆ ನಿಂತು ನುಗ್ಗಿ ಬರೋನನ್ನ ಕೆಡವೋದೇ ಕೆಲಸ. ನಮ್ಮ ಕವರ್‌ಗೆ ದೂರದ ಸೋದರಮಾವ ಅನ್ನಿ. ಬಾಲ್ಟಿಮೋರ್ ಟೀಮಿನವರು 1996ರಲ್ಲಿ ರೇ ಲೂಯಿಸ್ ಅನ್ನೋ ಹುಡುಗನನ್ನ ಕಾಲೇಜಿನಿಂದ ಆರಿಸಿಕೊಂಡ್ರಂತೆ, ಹದಿನೇಳು ಸೀಸನ್ ಅಲ್ಲೇ ಆಡಿದ, ಎರಡು ಸಲ ಚಾಂಪಿಯನ್. ಪಿಟ್ಸ್‌ಬರ್ಗ್‌ನ ಜೇಮ್ಸ್ ಹ್ಯಾರಿಸನ್‌ನನ್ನ 2002ರಲ್ಲಿ ಯಾರೂ ಆರಿಸಿಕೊಂಡಿರಲಿಲ್ಲ. ಸೇರಿಸಿಕೊಂಡು, ತೆಗೆದುಹಾಕಿ, ಮತ್ತೆ ಸೇರಿಸಿಕೊಂಡು ಆಡಿಸಿದ್ರು. 2008ರಲ್ಲಿ ಅವನು ಇಡೀ ಲೀಗಿನ ಅತ್ಯುತ್ತಮ ಡಿಫೆಂಡರ್. ಆರು ವರ್ಷ! ಸೌರಭ್ ಬುಲ್ಸ್‌ನಲ್ಲಿ ಇದ್ದಷ್ಟೇ ವರ್ಷ. ಹಿಡಿಯೋನು ಯಾವ ದೇಶದಲ್ಲೂ ಬೇಗ ಹಣ್ಣಾಗಲ್ಲ ಅಂತ ಕಾಣುತ್ತೆ.

ಇರಲಿ, ಊರಿಗೆ ಬರೋಣ.

ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿ. (ಹೆಸರು ಬೇಡ ಬಿಡಿ, ಕಮಿಟಿಯವರು ಓದಿದ್ರೆ ನನ್ನನ್ನ ಊರೊಳಗೆ ಬಿಡಲ್ಲ!) ನಮ್ಮ ಕಡೆ ಚಳಿಗಾಲ ಶುರುವಾಯ್ತು ಅಂದ್ರೆ ಪೋಸ್ಟರು ಕಾಣಿಸ್ತವೆ. 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ'. ಮೇಲೆ ಸಾಲಾಗಿ ಮುಖಂಡರ ಫೋಟೋ, ಕೆಳಗೆ ಪ್ರಥಮ ಬಹುಮಾನ, ದ್ವಿತೀಯ ಬಹುಮಾನ, ಆಕರ್ಷಕ ಟ್ರೋಫಿ, ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್. ಇನ್ನೂ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇರ್ತವೆ: 'ತೀರ್ಪುಗಾರರ ತೀರ್ಮಾನವೇ ಅಂತಿಮ', 'ಆಧಾರ್ ಕಾರ್ಡ್ ಕಡ್ಡಾಯ'. ಆ ಎರಡನೇ ಸಾಲಿಗೆ ನಮ್ಮ ಇಡೀ ಜಗಳದ ಬೇರು ಇರೋದು. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಬೇರೆ ಕಡೆಯಿಂದ ಬಾಡಿಗೆ ಆಟಗಾರರನ್ನ ತಂದು ನಿಲ್ಲಿಸ್ತಾರೆ ಅಂತಲೇ ಆ ನಿಯಮ. ಮುಕ್ತ ಪಂದ್ಯಾವಳಿ ಆದ್ರೆ ಆ ತಡೆಯೂ ಇಲ್ಲ, ದುಡ್ಡಿದ್ದವನು ಯಾರನ್ನ ಬೇಕಾದ್ರೂ ಕರೆಸಬಹುದು. 'ಗೆಸ್ಟ್ ಪ್ಲೇಯರ್' ಅನ್ನೋದು ಮರ್ಯಾದೆಯ ಹೆಸರು.

ನಮ್ಮೂರಿಗೂ ಎರಡು ವರ್ಷ ಗೆಸ್ಟ್ ಬಂದ್ರು. ಇಬ್ಬರು ಕ್ಯಾಚರ್‌ಗಳು, ಒಳ್ಳೆ ಗಟ್ಟಿಮುಟ್ಟು ಆಳುಗಳು. ಸಂಜೆ ಕಾರಲ್ಲಿ ಬಂದ್ರು, ಬೆಳಗಿನ ಜಾವದವರೆಗೆ ಆಡಿದ್ರು, ಬಿರಿಯಾನಿ ತಿಂದು ದುಡ್ಡು ಇಸ್ಕೊಂಡು ಹೋದ್ರು. ಮೊದಲ ವರ್ಷ ಎರಡನೇ ಬಹುಮಾನ ಬಂತು. ಟ್ರೋಫಿ ಡೈರಿ ಆಫೀಸಿನ ಕಿಟಕಿ ಮೇಲಿದೆ, ಹಾಲು ಹಾಕೋಕೆ ಬಂದವರೆಲ್ಲ ನೋಡಬಹುದು. ಅದರಲ್ಲಿ ತಪ್ಪೇನಿದೆ ಅಂತ ನೀವು ಕೇಳಬಹುದು. ನಾನೂ ಟ್ರೋಫಿ ಹಿಡ್ಕೊಂಡು ಫೋಟೋ ತೆಗೆಸಿಕೊಂಡಿದ್ದೀನಿ.

ಆ ಇಬ್ಬರು ನಿಂತ ಜಾಗದಲ್ಲಿ ಮೊದಲು ನಿಲ್ತಿದ್ದವನು ನಮ್ಮ ಅಕ್ಕನ ಮಗ. ಎಡ ಕಾರ್ನರ್. ಐಟಿಐ ಮುಗಿಸಿದ್ದಾನೆ, ವಯಸ್ಸು ಈಗ ಇಪ್ಪತ್ತು. ಭಾವನದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಕೆಲಸ. ಹುಡುಗ ಚಿಕ್ಕಂದಿನಿಂದ ಮಗ್ಗದ ಸದ್ದಲ್ಲೇ ಬೆಳೆದವನು, ಮಾತು ಕಮ್ಮಿ, ಕಣ್ಣು ಚುರುಕು. ಎರಡು ವರ್ಷ ಸಬ್‌ಸ್ಟಿಟ್ಯೂಟ್ ಅಂತ ಹೊರಗೆ ಕೂತ. ಒಂದು ಮಾತೂ ಆಡಲಿಲ್ಲ. ಆದ್ರೆ ಪ್ರಾಕ್ಟೀಸಿಗೆ ಬರೋದು ನಿಲ್ಲಿಸಿದ. ಅವನೊಬ್ಬನೇ ಅಲ್ಲ. ಮೊದಲು ಸಂಜೆ ಹದಿನಾಲ್ಕು ಹುಡುಗರು ಸೇರ್ತಿದ್ದ ಕಡೆ ಐದು ಜನ ಉಳಿದ್ರು. ಐದು ಜನಕ್ಕೆ ಕಬಡ್ಡಿ ಆಡೋಕೆ ಆಗಲ್ಲ, ಮೊಬೈಲ್ ನೋಡಬಹುದು ಅಷ್ಟೇ.

ಈ ಸಲ ಮೀಟಿಂಗ್‌ನಲ್ಲಿ ಮಾತು ಬಂತು. ಕಮಿಟಿಯ ಹಿರಿಯರೊಬ್ಬರು ನೇರವಾಗಿ ಹೇಳಿದ್ರು: "ನೋಡ್ರಪ್ಪಾ, ಟ್ರೋಫಿ ಬಂದ್ರೆ ತಾನೇ ಮುಂದಿನ ವರ್ಷ ಚಂದಾ ಹುಟ್ಟೋದು. ಮೊದಲನೇ ರೌಂಡಲ್ಲೇ ಸೋತು ಬಂದ್ರೆ ಯಾವನು ಕಾಸು ಬಿಚ್ತಾನೆ?" ಅದು ಸುಳ್ಳಲ್ಲ. ಮ್ಯಾಟು ಬಾಡಿಗೆ, ಲೈಟು, ಹುಡುಗರ ಬನಿಯನ್ನು ಶೂಸು ಎಲ್ಲದಕ್ಕೂ ಚಂದಾನೇ ಗತಿ.

ಅದಕ್ಕೆ ನಮ್ಮ ಹಳೇ ಪಿ.ಟಿ. ಮೇಷ್ಟ್ರು, ರಿಟೈರ್ ಆಗಿ ಎಷ್ಟೋ ವರ್ಷ ಆಗಿದೆ, ಎದ್ದು ನಿಂತ್ರು. "ಸ್ವಾಮಿ, ಬಾಡಿಗೆ ಎತ್ತು ತಂದು ಈ ವರ್ಷ ಉಳಬಹುದು. ಹಟ್ಟೀಲಿ ಕರು ಸಾಕದಿದ್ರೆ ಮುಂದಿನ ವರ್ಷ ಎತ್ತಿನವನು ಹೇಳಿದ್ದೇ ರೇಟು. ಅದೂ ಅಲ್ದೆ ಎತ್ತು ಬೇಡ, ಟ್ರ್ಯಾಕ್ಟರ್ ತರ್ತೀನಿ ಅನ್ನಬಹುದು. ಆದ್ರೆ ಆ ಕಡೆ ಹೊಲದವನೂ ಟ್ರ್ಯಾಕ್ಟರ್ ತರ್ತಾನೆ, ನೀವು ಯಾವುದರಲ್ಲಿ ಮುಂದೆ?" ಸಭೆ ಸುಮ್ಮನಾಯ್ತು. ಆಮೇಲೆ ಎರಡು ಗಂಟೆ ಕೂಗಾಟ ಇದ್ದೇ ಇತ್ತು ಅನ್ನಿ.

ಕೊನೆಗೆ ಒಂದು ನಡುದಾರಿ ಸಿಕ್ಕಿತು. ಹೊಸಕೋಟೆ ಕಡೆಯ ಒಬ್ಬ ಹಳೇ ಕವರ್ ಆಟಗಾರರನ್ನ ಕರೆಸೋದು, ಆದ್ರೆ ಪಂದ್ಯದ ದಿನಕ್ಕಲ್ಲ. ಎರಡು ತಿಂಗಳು ಮೊದಲಿಂದ ಪ್ರತಿ ಭಾನುವಾರ. ಗೆಸ್ಟ್‌ಗೆ ಅಂತ ಇಟ್ಟಿದ್ದ ದುಡ್ಡಲ್ಲಿ ಅವರಿಗೆ ಪೆಟ್ರೋಲು, ಹುಡುಗರಿಗೆ ಮೊಟ್ಟೆ ಹಾಲು. ಆ ಅಣ್ಣ ಬಂದು ಮೊದಲನೇ ದಿನ ಹೇಳಿಕೊಟ್ಟಿದ್ದು ಹಿಡಿಯೋದಲ್ಲ, ಹಿಡಿಯದೇ ಇರೋದು. "ರೈಡರ್ ಬಂದ, ಹೋದ. ಎರಡು ರೈಡ್ ಖಾಲಿ ಹೋಗಲಿ, ಬಿಡು. ಮೂರನೇದು ಡು ಆರ್ ಡೈ, ಅವನೇ ನಿನ್ನ ಹತ್ರ ಬರಲೇಬೇಕು. ಆಗ ಹಿಡಿ." ಇದನ್ನ ಹದಿನೆಂಟು ವರ್ಷದ ಹುಡುಗನ ಮೈಗೆ ಇಳಿಸೋದು ಇದೆಯಲ್ಲ, ಅದು ಭಾನುವಾರಗಳ ಕೆಲಸ. ಅಕ್ಕನ ಮಗನ ಕೈಗೂ ಪಕ್ಕದವನ ಕೈಗೂ ಪಂಚೆ ಕಟ್ಟಿ ಒಟ್ಟಿಗೆ ಓಡಾಡಿಸ್ತಿದ್ರು, ಚೈನ್ ಅಂದ್ರೆ ಏನು ಅಂತ ಗೊತ್ತಾಗಲಿ ಅಂತ. ಹದಿನಾಲ್ಕು ಜನ ಮತ್ತೆ ಸೇರಿದ್ರು. ಹೆಚ್ಚೇ ಆದ್ರು.

ಪಂದ್ಯದಲ್ಲಿ ಏನಾಯ್ತು ಅಂತ ಕೇಳ್ತೀರಿ. ಕ್ವಾರ್ಟರ್ ಫೈನಲ್‌ನಲ್ಲಿ ಸೋತ್ವಿ, ಎರಡು ಪಾಯಿಂಟಲ್ಲಿ. ಕೊನೇ ನಿಮಿಷದಲ್ಲಿ ಮೂರೇ ಜನ ಉಳಿದಿದ್ರು, ಹಿಡಿದಿದ್ರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟು ಬಂದು ಸಮ ಆಗ್ತಿತ್ತು. ನಮ್ಮ ಹುಡುಗ ನುಗ್ಗಿದ, ಕಣಕಾಲು ಸಿಕ್ಕಿತು, ಜಾರಿತು. ಎದುರು ಟೀಮಿನಲ್ಲಿ ಮೂವರು ಗೆಸ್ಟ್ ಇದ್ರು. ಬೇಲಿ ಪಕ್ಕ ನಿಂತಿದ್ದ ನಮ್ಮೂರಿನವರೇ ಅವನನ್ನ ಬೈದ್ರು, "ಹೊರಗಿನವರನ್ನ ತಂದಿದ್ರೆ ಈ ಗತಿ ಬರ್ತಿತ್ತಾ?" ಅಂತ. ಆ ರಾತ್ರಿ ಅವನು ಊಟ ಮಾಡಲಿಲ್ಲ.

ಮಾರನೇ ದಿನ ಅಕ್ಕ ಫೋನ್ ಮಾಡಿದಳು. "ಇವನಿಗೆ ಈ ಹುಚ್ಚು ಬಿಡಿಸೋ. ಬಾಶೆಟ್ಟಿಹಳ್ಳಿ ಕಡೆ ಫ್ಯಾಕ್ಟರಿಗೆ ಸೇರು ಅಂತ ಹೇಳು, ನಿನ್ನ ಮಾತು ಕೇಳ್ತಾನೆ." ಅವನಿಗೆ ಅಲ್ಲಿ ಕೆಲಸ ಸಿಗೋ ಹಾಗಿದೆ. ಮೂರು ಶಿಫ್ಟು. ಸೇರಿದ್ರೆ ಸಂಜೆ ಪ್ರಾಕ್ಟೀಸು ಮುಗೀತು. ಸೇರದಿದ್ರೆ ಮನೇಲಿ ಒಂದು ಸಂಬಳ ಕಮ್ಮಿ. ಪ್ರೊ ಕಬಡ್ಡಿಯವರು ಹೊಸ ಹುಡುಗರನ್ನ ಹರಾಜಿಲ್ಲದೇ ನೇರವಾಗಿ ತಗೊಳ್ಳೋ ದಾರಿ ಇಟ್ಟಿದ್ದಾರೆ, ನ್ಯೂ ಯಂಗ್ ಪ್ಲೇಯರ್ ಅಂತ. ಸುನಿಲ್, ನಿತೇಶ್ ಥರದವರೆಲ್ಲ ಇಪ್ಪತ್ತರ ಆಸುಪಾಸಿನಲ್ಲೇ ಬಾಗಿಲು ದಾಟಿದವರು. ಅಂದ್ರೆ ನಮ್ಮ ಹುಡುಗನಿಗೆ ಇರೋದು ಒಂದು ಎರಡು ವರ್ಷ. ಅಷ್ಟರಲ್ಲಿ ಆಗುತ್ತೆ ಅಂತ ಯಾರು ಗ್ಯಾರಂಟಿ ಕೊಡ್ತಾರೆ?

ಅಕ್ಕನ ಫೋನ್ ಇಟ್ಟ ಮೇಲೆ ನನಗೆ ಹೊಳೆದಿದ್ದು ಇದು. 'ಬೆಳೆಸಬೇಕು, ಬೆಳೆಸಬೇಕು' ಅಂತ ನಾವೆಲ್ಲ ಸಲೀಸಾಗಿ ಹೇಳ್ತೀವಿ. ಬೆಳೆಸೋದು ಅಂದ್ರೆ ಕಾಯೋದು. ಕಾಯೋದಕ್ಕೆ ಖರ್ಚಿದೆ. ಆ ಖರ್ಚು ಯಾರದು? ಟೀಮಿನದಾ, ಊರಿನದಾ? ಇಬ್ಬರದೂ ಅಲ್ಲ. ಅದು ಹುಡುಗನ ಮನೆಯದು. ಅವನ ಅಮ್ಮ ಮಾಡೋ ಮುದ್ದೆಯದು, ಅವನಪ್ಪ ಒಂಟಿಯಾಗಿ ಓಡಿಸೋ ಮಗ್ಗದ್ದು. ಇಪ್ಪತ್ತೆರಡರವರೆಗೆ ಮನೆಯವರು ಸಾಕಿದ ಮೇಲೆ ಟೀಮಿನವರು ಬಂದು ಆರಿಸಿಕೊಳ್ತಾರೆ. ಆರಿಸಿಕೊಳ್ಳದಿದ್ರೆ ಆ ವರ್ಷಗಳ ಲೆಕ್ಕ ಯಾರೂ ಬರೆಯಲ್ಲ.

ಹರಿಯಾಣದಿಂದ ಅಷ್ಟೊಂದು ಕ್ಯಾಚರ್‌ಗಳು ಯಾಕೆ ಬರ್ತಾರೆ ಅಂತ ಕೇಳಿದ್ರೆ ಜನ ಹಾಲು ತುಪ್ಪ ಅಂತಾರೆ. ಹಾಲು ತುಪ್ಪ ನಮ್ಮಲ್ಲೂ ಇದೆ. ಅಲ್ಲಿ ಊರೂರಿಗೆ ಕಬಡ್ಡಿ ಆಡೋ ಜಾಗ ಇದೆ, ಅದಕ್ಕಿಂತ ಮುಖ್ಯವಾಗಿ ಆಡಿದವನಿಗೆ ಸೈನ್ಯದಲ್ಲೋ ರೈಲ್ವೇಲೋ ಪೊಲೀಸಲ್ಲೋ ಕೆಲಸ ಸಿಗುತ್ತೆ ಅನ್ನೋ ನಂಬಿಕೆ ಇದೆ. ಪ್ರೊ ಕಬಡ್ಡಿ ಸಿಗದಿದ್ರೂ ಹೊಟ್ಟೆಗೆ ಮೋಸ ಇಲ್ಲ. ನಮ್ಮಲ್ಲೂ ಆ ಮೆಟ್ಟಿಲು ಇತ್ತು. ವಿಜಯಾ ಬ್ಯಾಂಕಿನ ಕಬಡ್ಡಿ ಟೀಮು ಅಂದ್ರೆ ಒಂದು ಕಾಲಕ್ಕೆ ಹೆಸರು. ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ ಆಯ್ತು, ಆ ಹೆಸರೇ ಹೋಯ್ತು. ಕರಾವಳಿ ಕಡೆ ಕಾಲೇಜುಗಳು ಆಟಗಾರರಿಗೆ ಹಾಸ್ಟೆಲು ಊಟ ಕೊಟ್ಟು ಓದಿಸ್ತವೆ. ಮಮತಾ ಪೂಜಾರಿ, ಸುಕೇಶ್ ಹೆಗ್ಡೆ, ಪ್ರಶಾಂತ್ ರೈ ಎಲ್ಲ ಆ ಕಡೆಯವರೇ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ ಕಡೆ ಏನಿದೆ? 2008ರಲ್ಲಿ ಏರ್‌ಪೋರ್ಟ್ ಬಂತು, ಆಮೇಲೆ ಲೇಔಟು, ಗೋಡೌನು, ಫ್ಯಾಕ್ಟರಿ. ನಾವು ಆಡ್ತಿದ್ದ ಬಯಲಿಗೆ ಈಗ ಕಲ್ಲು ನೆಟ್ಟು ಸೈಟು ನಂಬರ್ ಬರೆದಿದ್ದಾರೆ. ದುಡ್ಡು ಬಂತು, ಇಲ್ಲ ಅನ್ನಲ್ಲ. ಆ ದುಡ್ಡಲ್ಲೇ ತಾನೇ ಗೆಸ್ಟ್ ಪ್ಲೇಯರ್ ಬಂದಿದ್ದು!

ಹಾಗಾದ್ರೆ ನನ್ನ ಪಕ್ಷ ಯಾವುದು? ರೈಡರ್ ಬೇಕಾದ್ರೆ ಕೊಂಡುಕೊಳ್ಳಿ. ಹಿಡಿಯೋರನ್ನ ಬೆಳೆಸಿ. ದುಡ್ಡು ಕೊಟ್ಟು ತರೋದೇ ಆದ್ರೆ ಒಬ್ಬ ಹಿರಿಯನನ್ನ ತನ್ನಿ, ಪಕ್ಕದಲ್ಲಿ ನಿಂತ ಹುಡುಗನಿಗೆ ಕಲಿಸೋ ಅಂಥವನನ್ನ. ಜೈಪುರದವರು ಸುನಿಲ್‌ನನ್ನ ತಂದ ಹಾಗೆ, ನಮ್ಮೂರಿಗೆ ಹೊಸಕೋಟೆ ಅಣ್ಣ ಬಂದ ಹಾಗೆ. ಹುಡುಗನನ್ನ ಬೆಳೆಸಿದ ಮೇಲೆ ಮಾತ್ರ ಒಂದು ಕೆಟ್ಟ ಸೀಸನ್ ಆಯ್ತು ಅಂತ ಬಿಟ್ಟುಕೊಡಬೇಡಿ. ಊರಿನವರಾದ್ರೆ ಇನ್ನೊಂದು ಮಾತು: ಚಂದಾದಲ್ಲಿ ಒಂದು ಪಾಲು ಆ ಹುಡುಗರ ಮನೆಗೆ ಹೋಗಲಿ. ತಿಂಗಳಿಗೆ ಇಷ್ಟು ಅಂತ. ನಾಚಿಕೆ ಪಡೋದೇನೂ ಇಲ್ಲ, ಗೆಸ್ಟ್‌ಗೆ ಒಂದು ರಾತ್ರಿಗೆ ಕೊಡ್ತಿದ್ದಿದ್ದನ್ನ ನಮ್ಮವನಿಗೆ ಒಂದು ವರ್ಷಕ್ಕೆ ಹರಡಿ ಕೊಡೋದು ಅಷ್ಟೇ. ಈ ಮಾತನ್ನ ಮುಂದಿನ ಮೀಟಿಂಗ್‌ನಲ್ಲಿ ಇಡ್ತೀನಿ, ಎಷ್ಟು ಬೈಗುಳ ಬೀಳುತ್ತೋ ನೋಡಬೇಕು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು: "ಒಂದು ವರ್ಷ ಕೊಡಕ್ಕಾ. ಅವನ ಖರ್ಚು ನನಗಿರಲಿ. ವರ್ಷ ಆದ ಮೇಲೆ ಫ್ಯಾಕ್ಟರಿ ಎಲ್ಲೂ ಓಡಿಹೋಗಲ್ಲ." ಅವಳು 'ಹೂಂ' ಅನ್ನಲಿಲ್ಲ, 'ಊಹೂಂ' ಅಂತಲೂ ಅನ್ನಲಿಲ್ಲ. ಭಾವನನ್ನ ಕೇಳಿ ಹೇಳ್ತೀನಿ ಅಂದಳು. ಹುಡುಗನನ್ನ ಕೇಳಿದ್ರೆ, "ಮಾವಾ, ಮೊದಲು ಕೈ ಜಾರಿದ್ದು ಯಾಕೆ ಅಂತ ವಿಡಿಯೋ ನೋಡಬೇಕು, ಯಾರಾದ್ರೂ ಮೊಬೈಲಲ್ಲಿ ತೆಗೆದಿದ್ದಾರಾ ಕೇಳಿ" ಅಂದ. ಹುಡುಕ್ತಾ ಇದ್ದೀನಿ.

ನಿಮ್ಮೂರುಗಳಲ್ಲಿ ಹೇಗೆ? ಮಂಡ್ಯ, ಹಾಸನ, ಕೋಲಾರದ ಕಡೆಯವರು, ಕರಾವಳಿಯವರು, ನಿಮ್ಮ ಟೀಮಲ್ಲಿ ಮೂಲೇಲಿ ನಿಲ್ಲೋನು ಯಾರು, ಮನೆಯವನಾ, ನೆಂಟನಾ? ಅವನಿಗೆ ಯಾರಾದ್ರೂ ಕೂಲಿ ಕೊಡ್ತಾರಾ? ಬರೀರಿ, ಓದ್ತೀನಿ. ಕಮಿಟಿ ಮುಂದೆ ಇಡೋಕೆ ನನಗೂ ನಾಲ್ಕು ಉದಾಹರಣೆ ಬೇಕು.